ಬರೀ ಮೈಕೆಲ್ ಫ್ಯಾರಡೆ

ಕೆಪಾಸಿಟರ್ ಮೇಲೆ ಮೈಕ್ರೋಫ್ಯಾರಡ್ ಅಂತ ಓದ್ತೀವಿ, ಪರೀಕ್ಷೆಯಲ್ಲಿ ಫ್ಯಾರಡೆ ನಿಯಮ ಬರೆದು ಮಾರ್ಕ್ಸ್ ತಗೋತೀವಿ. ಟ್ರಾನ್ಸ್‌ಫಾರ್ಮರ್, ಮೋಟರ್, ಜನರೇಟರ್ ಯಾವುದರ ಮೂಲ ಹುಡುಕಿದರೂ ಸಿಗೋದು ಅವರೇ. ಅವರು ಕಂಡುಹಿಡಿದದ್ದೆಲ್ಲ ನಮ್ಮ ಸಿಲಬಸ್‌ನಲ್ಲಿದೆ. ಅವರು ಬೇಡ ಅಂದದ್ದರ ಪಟ್ಟಿ ಮಾತ್ರ ಎಲ್ಲೂ ಇಲ್ಲ. ಅದನ್ನೇ ಇಲ್ಲಿ ಹೇಳೋಣ ಅನ್ನಿಸಿತು.

ಫ್ಯಾರಡೆ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ ಪಕ್ಕದ ನ್ಯೂಯಿಂಗ್ಟನ್‌ನಲ್ಲಿ. ಅಪ್ಪ ಕಮ್ಮಾರ, ಮನೆಯಲ್ಲಿ ಬಡತನ. ಓದು ಬರಹ ಕಲಿಯುವಷ್ಟರಲ್ಲಿ ಶಾಲೆ ಮುಗಿಯಿತು. 14ನೇ ವಯಸ್ಸಿಗೆ ಪುಸ್ತಕ ಬೈಂಡ್ ಮಾಡುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಏಳು ವರ್ಷ ದುಡಿದರು. ಬೈಂಡಿಂಗಿಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತರು. 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಸುಮಾರು 300 ಪುಟ ನೋಟ್ಸ್ ಮಾಡಿ, ತಾವೇ ಬೈಂಡ್ ಹಾಕಿ ಅವರಿಗೆ ಕಳಿಸಿದರು. ಮರುವರ್ಷ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು. ಡೇವಿ ದಂಪತಿ ಜೊತೆ ಯೂರೋಪ್ ಸುತ್ತಿದಾಗ ಆಳಿನ ಕೆಲಸವನ್ನೂ ಮಾಡಬೇಕಾಯ್ತು. ಸಹಿಸಿಕೊಂಡರು. 1831ರಲ್ಲಿ ಕಬ್ಬಿಣದ ಉಂಗುರಕ್ಕೆ ಎರಡು ಸುರುಳಿ ತಂತಿ ಸುತ್ತಿ ವಿದ್ಯುತ್ಕಾಂತೀಯ ಪ್ರೇರಣೆ ತೋರಿಸಿದಾಗ, ಕಮ್ಮಾರನ ಮಗನ ಹೆಸರು ಎಲ್ಲ ಕಡೆ ಹರಡಿತು.

ಹೆಸರಿನ ಹಿಂದೆ ದುಡ್ಡು, ಪದವಿ ಎರಡೂ ಬಂದವು. ಇಲ್ಲಿಂದ ಅವರ ಕ್ರೈಸ್ತ ನಂಬಿಕೆಯ ಕಥೆ ಶುರು. ಅವರ ಮನೆಯವರು ಸ್ಯಾಂಡಿಮೇನಿಯನ್ ಅನ್ನೋ ಪುಟ್ಟ ಪಂಗಡಕ್ಕೆ ಸೇರಿದವರು. ಅಲ್ಲಿ ಸಂಬಳದ ಪಾದ್ರಿ ಇಲ್ಲ. ದುಡ್ಡು ಕೂಡಿಡೋದು ತಪ್ಪು. ಭಾನುವಾರ ಎಲ್ಲರೂ ಒಟ್ಟಿಗೆ ಊಟ ಮಾಡಬೇಕು. ಯೇಸು ತನ್ನ ಶಿಷ್ಯರ ಕಾಲು ತೊಳೆದನಲ್ಲ, ಆ ಮಾತನ್ನ ಇವರು ಅಕ್ಷರಶಃ ನಂಬಿದವರು. 1821ರಲ್ಲಿ, ಮದುವೆಯಾದ ವರ್ಷವೇ, ಫ್ಯಾರಡೆ ಈ ಸಭೆಯ ಸದಸ್ಯರಾದರು. 1840ರಲ್ಲಿ ಅದರ ಹಿರಿಯರಲ್ಲಿ ಒಬ್ಬರಾದರು. 1844ರಲ್ಲಿ ಸಭೆ ಅವರನ್ನು ಕೆಲವು ವಾರ ಹೊರಗಿಟ್ಟಿತು. ಅಷ್ಟು ದೊಡ್ಡ ವಿಜ್ಞಾನಿ ಅದಕ್ಕೂ ತಲೆಬಾಗಿ, ಕಾದು, ಮತ್ತೆ ಅದೇ ಬೆಂಚಿನಲ್ಲಿ ಬಂದು ಕೂತರು.

ಕಾರ್ಖಾನೆಗಳಿಗೆ ಸಲಹೆ ಕೊಟ್ಟು ಗಳಿಸುತ್ತಿದ್ದ ಹಣವನ್ನು ಸಂಶೋಧನೆಗೋಸ್ಕರ ಬಿಟ್ಟರು. ಸರ್ ಪದವಿ ಬೇಡ ಅಂದರು. 1857ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿ ಅಂತ ಕೇಳಿಕೊಂಡು ಬಂದರು. ನ್ಯೂಟನ್ ಕೂತಿದ್ದ ಕುರ್ಚಿ ಅದು! ಅದಕ್ಕೂ ಒಪ್ಪಲಿಲ್ಲ. ಕೊನೇವರೆಗೂ ಬರೀ ಮೈಕೆಲ್ ಫ್ಯಾರಡೆಯಾಗೇ ಇರ್ತೀನಿ ಅನ್ನೋದು ಅವರ ನಿಲುವು.

ಹಾಗಂತ ಅವರದ್ದು ಎಲ್ಲರ ಮುಂದೆ ಕೈಕಟ್ಟಿ ನಿಲ್ಲುವ ವಿನಯ ಅಂದ್ಕೋಬೇಡಿ. 1835ರಲ್ಲಿ ಅವರಿಗೆ ಸರ್ಕಾರಿ ಪಿಂಚಣಿ ಕೊಡುವ ಮಾತು ಬಂದಾಗ, ಪ್ರಧಾನಿ ಮೆಲ್ಬೋರ್ನ್ ವಿಜ್ಞಾನಿಗಳ ಪಿಂಚಣಿ ಬಗ್ಗೆಯೇ ಹಗುರವಾಗಿ ಮಾತಾಡಿದರು. ಫ್ಯಾರಡೆ ಎದ್ದು ಬಂದು, ಈ ಹಣ ಬೇಡ ಅಂತ ತಿಳಿಸಿಬಿಟ್ಟರು. ಪ್ರಧಾನಿ ಲಿಖಿತವಾಗಿ ಕ್ಷಮೆ ಕೇಳಿದ ಮೇಲಷ್ಟೇ ವರ್ಷಕ್ಕೆ 300 ಪೌಂಡ್ ಪಿಂಚಣಿ ತಗೊಂಡರು. ಅಧಿಕಾರ ಬೇಡ ಅನ್ನೋನಿಗೆ ಅಧಿಕಾರದಲ್ಲಿರೋರ ಭಯವೂ ಇರಲ್ಲ, ಅಲ್ವಾ?

ಸತ್ಯದ ವಿಷಯದಲ್ಲೂ ಹೀಗೇ. 1853ರಲ್ಲಿ ಲಂಡನ್ನಿನಲ್ಲಿ ಮೇಜು ತಿರುಗಿಸುವ ಹುಚ್ಚು ಹಬ್ಬಿತ್ತು. ನಾಲ್ಕು ಜನ ಮೇಜಿನ ಮೇಲೆ ಕೈಯಿಟ್ಟರೆ ಸಾಕು, ಆತ್ಮಗಳು ಬಂದು ಅದನ್ನು ತಿರುಗಿಸ್ತವೆ ಅಂತ ನಂಬಿಕೆ. ಫ್ಯಾರಡೆ ಕೈಗೂ ಮೇಜಿಗೂ ನಡುವೆ ರಟ್ಟಿನ ಪದರಗಳನ್ನು ಮೆತ್ತಗೆ ಅಂಟಿಸಿಟ್ಟು ನೋಡಿದರು. ಮೊದಲು ಜರುಗಿದ್ದು ಕೈ, ಆಮೇಲೆ ಮೇಜು. ಯಾರೂ ಮೋಸ ಮಾಡ್ತಿರಲಿಲ್ಲ, ಗೊತ್ತಿಲ್ಲದೇ ತಳ್ಳುತ್ತಿದ್ದರು. ಮನಸ್ಸು ಬಯಸಿದ್ದೇ ಕಣ್ಣಿಗೂ ಕಾಣುತ್ತೆ ಅನ್ನೋದು ಅವರಿಗೆ ಗೊತ್ತಿತ್ತು, ತಮ್ಮ ಮೇಲೂ ಅದೇ ಅನುಮಾನ ಇಟ್ಟುಕೊಂಡಿದ್ದರು. 1862ರಲ್ಲಿ, 70 ದಾಟಿದ ಮೇಲೆ, ಕಾಂತಕ್ಷೇತ್ರ ಜ್ವಾಲೆಯ ಬೆಳಕಿನ ರೋಹಿತವನ್ನು ಬದಲಿಸುತ್ತಾ ಅಂತ ಪರೀಕ್ಷಿಸಿದರು. ಏನೂ ಕಾಣಲಿಲ್ಲ. ಕಾಣಲಿಲ್ಲ ಅಂತಲೇ ಬರೆದಿಟ್ಟರು. 1896ರಲ್ಲಿ ಪೀಟರ್ ಜೀಮನ್ ಇನ್ನೂ ಸೂಕ್ಷ್ಮ ಉಪಕರಣದಿಂದ ಅದೇ ಪರಿಣಾಮವನ್ನು ಕಂಡರು, 1902ರಲ್ಲಿ ನೊಬೆಲ್ ಹಂಚಿಕೊಂಡರು.

ಫ್ಯಾರಡೆ ತೀರಿಕೊಂಡಿದ್ದು 1867ರ ಆಗಸ್ಟ್ 25ರಂದು, ರಾಣಿ ವಿಕ್ಟೋರಿಯಾ ವಾಸಕ್ಕೆ ಕೊಟ್ಟಿದ್ದ ಮನೆಯಲ್ಲಿ. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ದೊಡ್ಡವರ ಸಾಲಿನಲ್ಲಿ ಮಣ್ಣಾಗೋದು ಅವರಿಗೆ ಬೇಡವಾಗಿತ್ತು. ಹೈಗೇಟ್ ಸ್ಮಶಾನದ ಕಲ್ಲಿನ ಮೇಲೆ ಇರೋದು ಹೆಸರು, ಹುಟ್ಟಿದ ದಿನ, ಸತ್ತ ದಿನ, ಅಷ್ಟೇ.

ನಮ್ಮಲ್ಲಿ ಎಲ್ಲರೂ ಅವರ ಧರ್ಮದವರಲ್ಲ, ಕುರ್ಚಿ ಬೇಡ ಅನ್ನೋ ಸಂದರ್ಭವೂ ನಮಗಿನ್ನೂ ಬಂದಿಲ್ಲ. ಆದ್ರೆ ಲ್ಯಾಬ್ ರೆಕಾರ್ಡ್ ಪ್ರತಿ ವಾರ ಬರುತ್ತೆ. ರೀಡಿಂಗ್ ಪುಸ್ತಕದ ಉತ್ತರಕ್ಕೆ ಹೊಂದದೇ ಹೋದ ದಿನ, ಬಂದದ್ದನ್ನೇ ಬರೆಯೋಣ.