ರಾಜಾ ರಾಮಣ್ಣ: ಸ್ಫೋಟದ ಸದ್ದಿನಲ್ಲಿ ಮರೆಯಾದ ಭೌತವಿಜ್ಞಾನಿ

ಡಾ. ರಾಜಾ ರಾಮಣ್ಣ ಎಂದೊಡನೆ ನೆನಪಾಗುವುದು 1974ರ ಮೇ 18ರ ಪೊಖ್ರಾನ್ ಪರೀಕ್ಷೆ. ಆ ಸದ್ದಿನಲ್ಲಿ ಅವರೊಳಗಿನ ಭೌತವಿಜ್ಞಾನಿ ಮರೆಯಾದದ್ದು ವಿಷಾದನೀಯ.

1925ರ ಜನವರಿ 28ರಂದು ತುಮಕೂರು ಜಿಲ್ಲೆಯ ತಿಪಟೂರಿನಲ್ಲಿ ಜನಿಸಿದ ರಾಮಣ್ಣ, ಬೆಂಗಳೂರು ಹಾಗೂ ತಾಂಬರಂನಲ್ಲಿ ವ್ಯಾಸಂಗ ಮಾಡಿ, ಲಂಡನ್ನಿನ ಕಿಂಗ್ಸ್ ಕಾಲೇಜಿನಿಂದ ಡಾಕ್ಟರೇಟ್ ಪಡೆದರು. ಪಿಯಾನೋ ವಾದನ ಬಾಲ್ಯದಿಂದಲೂ ಅವರ ಗೀಳು. ಹೋಮಿ ಭಾಭಾ ಅವರ ಪರಿಚಯಕ್ಕೂ ಸಂಗೀತವೇ ನೆಪವಾಯಿತು. 1949ರಲ್ಲಿ ಅವರು ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು.

1956ರಲ್ಲಿ ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರ್ ಆರಂಭವಾದ ಬಳಿಕ ಪರಮಾಣು ಬೀಜದ ವಿದಳನವೇ ರಾಮಣ್ಣನವರ ಮುಖ್ಯ ಅಧ್ಯಯನವಾಯಿತು. ಸಂಡೂರು ಬೆಟ್ಟಗಳ ಅದಿರಿನಲ್ಲಿರುವ ಕಬ್ಬಿಣವನ್ನೇ ನೋಡಿ. ಅದರ ಪ್ರಧಾನ ರೂಪದ ಬೀಜದಲ್ಲಿ 26 ಪ್ರೋಟಾನುಗಳು, 30 ನ್ಯೂಟ್ರಾನುಗಳು, ಬಹುತೇಕ ಸರಿಸಮ. ಯುರೇನಿಯಂ-235ರಲ್ಲಾದರೋ 92 ಪ್ರೋಟಾನುಗಳಿಗೆ 143 ನ್ಯೂಟ್ರಾನುಗಳು. ಪ್ರೋಟಾನುಗಳು ಪರಸ್ಪರ ವಿಕರ್ಷಿಸುವುದರಿಂದ ಭಾರವಾದ ಬೀಜಕ್ಕೆ ಹೆಚ್ಚು ನ್ಯೂಟ್ರಾನುಗಳು ಬೇಕು. ಆದರೆ ಈ ಅಸಮತೆಗೆ ಬೀಜವು ಶಕ್ತಿಯ ರೂಪದಲ್ಲಿ ದಂಡ ತೆರಬೇಕು. ಅದೇ ಸಮ್ಮಿತಿ ಶಕ್ತಿ.

ಅಂಥ ಬೀಜ ಒಡೆದಾಗ ಕಣಗಳ ಹಂಚಿಕೆ ಹೇಗೆ? 1960ರ ದಶಕದಲ್ಲಿ ರಾಮಣ್ಣ ಮತ್ತು ಸಂಗಡಿಗರು ಮಂಡಿಸಿದ ಸಿದ್ಧಾಂತದ ಪ್ರಕಾರ, ಬೇರ್ಪಡುವ ಮುನ್ನ ಎರಡು ಹೋಳುಗಳ ನಡುವಿನ ಕಿರಿದಾದ ಕತ್ತಿನ ಮೂಲಕ ಕಣಗಳು ಅತ್ತಿತ್ತ ಸಂಚರಿಸುತ್ತವೆ. ಈ ವಿನಿಮಯವನ್ನು ಅವರು ಸಂಭವನೀಯತೆಯ ಗಣಿತದಿಂದ ಲೆಕ್ಕ ಹಾಕಿದರು. ಮುಂದೆ ವಿದಳನದ ವಿವರಣೆಯಲ್ಲಿ ಬೀಜದ ಸ್ತರರಚನೆಗೆ ಹೆಚ್ಚಿನ ಮಹತ್ವ ದೊರೆಯಿತಾದರೂ, ಭಾರತದ ಪ್ರಯೋಗಾಲಯವೊಂದು ಸ್ವತಂತ್ರವಾಗಿ ಯೋಚಿಸಬಲ್ಲದೆಂಬುದಕ್ಕೆ ಅದು ಸಾಕ್ಷಿಯಾಗಿತ್ತು.

ನಂತರದ್ದು ಅಧಿಕಾರದ ಕಥೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕ, ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ, 1990ರಲ್ಲಿ ರಕ್ಷಣಾ ಖಾತೆಯ ರಾಜ್ಯ ಸಚಿವ. ಒಂದೊಂದು ಹುದ್ದೆಯೂ ಸಂಶೋಧನೆಯ ವೇಳೆಯನ್ನು ಕಸಿದುಕೊಂಡಿತೆನ್ನಬೇಕು. ಆದರೂ ಕೋಲ್ಕತ್ತದ ಸೈಕ್ಲೋಟ್ರಾನ್ ಕೇಂದ್ರದ ಸ್ಥಾಪನೆಗೆ ಅವರು ಶ್ರಮಿಸಿದರು. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರಾದರು.

2004ರ ಸೆಪ್ಟೆಂಬರ್ 24ರಂದು ರಾಮಣ್ಣ ಮುಂಬಯಿಯಲ್ಲಿ ನಿಧನರಾದರು. ಭಾರವಾದ ಬೀಜದ ಹೆಚ್ಚುವರಿ ನ್ಯೂಟ್ರಾನುಗಳು ಅಂಚಿನಲ್ಲಿ ತೆಳುವಾದ ಹೊರಪದರವಾಗಿ ನಿಲ್ಲುತ್ತವೆ. ಅದರ ದಪ್ಪವೇ ಸಮ್ಮಿತಿ ಶಕ್ತಿಯ ಅಳತೆಗೋಲು. 2021ರಲ್ಲಿ ಅಮೆರಿಕದ ಜೆಫರ್ಸನ್ ಪ್ರಯೋಗಾಲಯವು ಸೀಸದ ಬೀಜದಲ್ಲಿ ಅದನ್ನು ಸುಮಾರು 0.28 ಫೆಮ್ಟೊಮೀಟರ್ ಎಂದು ಅಳೆಯಿತು. ಮರುವರ್ಷ ಅಲ್ಲಿಯೇ ಕ್ಯಾಲ್ಸಿಯಂ-48ರಲ್ಲಿ ಅಳೆದಾಗ ಪದರ ತೀರ ತೆಳುವಾಗಿ ಕಂಡಿತು. ಎರಡನ್ನೂ ಒಂದೇ ಸಿದ್ಧಾಂತದಲ್ಲಿ ಹೊಂದಿಸಲು ವಿಜ್ಞಾನಿಗಳು ಹೆಣಗಬೇಕಾಯಿತು.