ಕಂದೀಲು ಗುರುತಿನ ಫಾತಿಮಾ

ಧಾರವಾಡಕ್ಕೆ ಬಂದು ಎರಡು ವರ್ಷವಾಯಿತು. ಎಫ್‌ಡಿಎ, ಪಿಡಿಒ, ಕೆಎಎಸ್ ಎಂದು ಕರೆದದ್ದಕ್ಕೆಲ್ಲ ಅರ್ಜಿ ಹಾಕುತ್ತಿದ್ದೇನೆ. ನಮ್ಮ ನೋಟ್ಸ್‌ನಲ್ಲಿ ನೆರೆಯ ದೇಶಗಳಿಗೆ ಒಂದೂವರೆ ಪುಟ ಮೀಸಲು. ಅದರಲ್ಲಿ ಪಾಕಿಸ್ತಾನದ ಅಯೂಬ್ ಖಾನ್ ಅಂದರೆ 1965ರ ಯುದ್ಧ ಮತ್ತು ತಾಷ್ಕೆಂಟ್ ಒಪ್ಪಂದ, ಅಷ್ಟೇ. ಒಂದು ಅಂಕದ ಪ್ರಶ್ನೆಗೆ ಅದು ಸಾಕು. ಆದರೆ ಅದೇ ವರ್ಷ ಯುದ್ಧಕ್ಕೂ ಮೊದಲು, ಜನವರಿ 2ರಂದು, ಎಪ್ಪತ್ತೊಂದು ವರ್ಷದ ಒಬ್ಬ ಹೆಣ್ಣುಮಗಳು ಆ ಸೇನಾಧಿಕಾರಿಯ ಎದುರು ಚುನಾವಣೆಗೆ ನಿಂತಿದ್ದರು ಎಂಬುದು ಗ್ರಂಥಾಲಯದಲ್ಲಿ ಬೇರೇನನ್ನೋ ಹುಡುಕುವಾಗ ನನ್ನ ಕಣ್ಣಿಗೆ ಬಿತ್ತು. ಆಕೆಯ ಹೆಸರು ಫಾತಿಮಾ ಜಿನ್ನಾ. ಹೌದು, ಅದೇ ಜಿನ್ನಾ ಅವರ ತಂಗಿ.

ಈ ಹೆಸರು ಹೇಳಿದಾಗ ನನ್ನ ರೂಮ್‌ಮೇಟ್ ಮುಖ ಸಿಂಡರಿಸಿದಳು. ಪರೀಕ್ಷೆಗೆ ಬರುವುದು ಬಿಟ್ಟು ಇದನ್ನೇಕೆ ಓದುತ್ತೀಯ ಎಂದು ಬೈದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಾನು ಓದಿದ ಕಾರಣವನ್ನು ಮುಂದೆ ಹೇಳುತ್ತೇನೆ.

ಫಾತಿಮಾ ಹುಟ್ಟಿದ್ದು 1893ರ ಜುಲೈನಲ್ಲಿ, ಕರಾಚಿಯಲ್ಲಿ. ಮನೆಮಾತು ಗುಜರಾತಿ. ಅಣ್ಣ ಮಹಮ್ಮದ್ ಅಲಿ ಅವರಿಗಿಂತ ಸುಮಾರು ಹದಿನೇಳು ವರ್ಷ ದೊಡ್ಡವರು. ತಾಯಿ ಬೇಗ ತೀರಿಕೊಂಡರು, ತಂದೆಯೂ ಹೋದ ಮೇಲೆ ಬಾಂಬೆಯಲ್ಲಿ ವಕೀಲಿ ಮಾಡುತ್ತಿದ್ದ ಅಣ್ಣನೇ ಪೋಷಕರಾದರು. ಅಂದಿನ ಮುಸ್ಲಿಂ ಮನೆತನದ ಹುಡುಗಿಯನ್ನು ಬಾಂದ್ರಾದ ಕಾನ್ವೆಂಟ್ ಶಾಲೆಗೆ ಹಾಕಿದ್ದೇ ದೊಡ್ಡ ಮಾತು. ಮುಂದೆ ಅವರು ಕಲ್ಕತ್ತಾಕ್ಕೆ ಹೋಗಿ ಡಾ. ಆರ್. ಅಹ್ಮದ್ ದಂತವೈದ್ಯಕೀಯ ಕಾಲೇಜಿನಲ್ಲಿ ಓದಿ, 1923ರಲ್ಲಿ ಬಾಂಬೆಯಲ್ಲಿ ಸ್ವಂತ ಕ್ಲಿನಿಕ್ ತೆರೆದರು. ನೂರು ವರ್ಷದ ಹಿಂದೆ, ಮದುವೆಯಾಗದ ಒಬ್ಬ ಹೆಣ್ಣುಮಗಳು ಬೋರ್ಡು ಹಾಕಿಕೊಂಡು ಹಲ್ಲಿನ ಡಾಕ್ಟರಾಗಿ ಕೂರುವುದೆಂದರೆ! ನಮ್ಮೂರಲ್ಲಿ ನಾನು ಇಪ್ಪತ್ತಾರಕ್ಕೂ ಓದುತ್ತಿದ್ದೇನೆ ಎಂದರೆ ಇವತ್ತಿಗೂ ಚಿಕ್ಕಮ್ಮಂದಿರು ಅವ್ವನನ್ನು ಪಕ್ಕಕ್ಕೆ ಕರೆದು ಮಾತಾಡುತ್ತಾರೆ.

ಆದರೆ ಆ ಕ್ಲಿನಿಕ್ ಬಹಳ ವರ್ಷ ನಡೆಯಲಿಲ್ಲ. 1929ರಲ್ಲಿ ಜಿನ್ನಾ ಅವರ ಹೆಂಡತಿ ರತ್ತನ್‌ಬಾಯಿ ತೀರಿಕೊಂಡಾಗ ಫಾತಿಮಾ ಬಾಗಿಲು ಹಾಕಿ ಅಣ್ಣನ ಮನೆಗೆ ಬಂದುಬಿಟ್ಟರು. ಅಲ್ಲಿಂದ ಹತ್ತೊಂಬತ್ತು ವರ್ಷ ಮನೆ, ಸಭೆ, ಲಂಡನ್ ವಾಸ, ಕೊನೆಗೆ ಕಾಯಿಲೆ, ಎಲ್ಲದರಲ್ಲೂ ಅಣ್ಣನ ಪಕ್ಕದಲ್ಲಿದ್ದರು. ದೇಶ ವಿಭಜನೆಯನ್ನು ಅವರು ಮನಸಾರೆ ಒಪ್ಪಿದ್ದರು, ಅದನ್ನು ಮುಚ್ಚಿಟ್ಟು ಅವರನ್ನು ನಮಗೆ ಬೇಕಾದಂತೆ ಚಿತ್ರಿಸುವುದು ಸರಿಯಲ್ಲ. 1948ರ ಸೆಪ್ಟೆಂಬರ್ 11ರಂದು ಕ್ಷಯದಿಂದ ಬಸವಳಿದ ಜಿನ್ನಾ ಅವರನ್ನು ವಿಮಾನದಿಂದ ಇಳಿಸಿ ಕರಾಚಿಗೆ ಒಯ್ಯುವಾಗ ಆಂಬುಲೆನ್ಸ್ ದಾರಿಯಲ್ಲೇ ಕೆಟ್ಟು ನಿಂತಿತು. ಒಂದು ದೇಶವನ್ನೇ ಕಟ್ಟಿದವರು ಸ್ಟ್ರೆಚರ್ ಮೇಲೆ, ಸೆಕೆಯಲ್ಲಿ, ಇನ್ನೊಂದು ಗಾಡಿಗಾಗಿ ಒಂದು ಗಂಟೆಗೂ ಹೆಚ್ಚು ಕಾಯಬೇಕಾಯಿತು. ಪಕ್ಕದಲ್ಲಿ ಫಾತಿಮಾ ಇದ್ದರು. ಅದೇ ರಾತ್ರಿ ಅಣ್ಣ ಹೋದರು.

ಆಮೇಲೆ ಸರಕಾರಗಳಿಗೆ ಈ ತಂಗಿ ಗೌರವಕ್ಕೆ ಬೇಕಾದರು, ಮಾತಿಗೆ ಬೇಡವಾದರು. ಜನ ಅವರನ್ನು ಮಾದರ್-ಎ-ಮಿಲ್ಲತ್, ಅಂದರೆ ರಾಷ್ಟ್ರದ ತಾಯಿ ಎಂದು ಕರೆಯುತ್ತಿದ್ದರು. ಆದರೆ 1951ರಲ್ಲಿ ಅಣ್ಣನ ಪುಣ್ಯತಿಥಿಯಂದು ರೇಡಿಯೊದಲ್ಲಿ ಮಾತಾಡುವಾಗ, ಸರಕಾರವನ್ನು ಟೀಕಿಸುವ ಭಾಗ ಬಂದಾಗ ಪ್ರಸಾರ ಕಡಿದುಹೋಯಿತು. ಅವರು ಬಹುತೇಕ ಮನೆಯೊಳಗೇ ಉಳಿದರು.

ಅಷ್ಟರಲ್ಲಿ ದೇಶ ಸೇನೆಯ ಕೈಗೆ ಹೋಯಿತು. 1958ರ ಅಕ್ಟೋಬರ್‌ನಲ್ಲಿ ಸೇನಾಡಳಿತ ಬಂತು, ಅದೇ ತಿಂಗಳ ಕೊನೆಗೆ ಜನರಲ್ ಅಯೂಬ್ ಖಾನ್ ಅಧ್ಯಕ್ಷರಾದರು. ಹಳೆಯ ರಾಜಕಾರಣಿಗಳನ್ನು ಒಂದು ಆದೇಶ ಹೊರಡಿಸಿ 1966ರ ಕೊನೆಯವರೆಗೆ ಚುನಾವಣೆಯಿಂದ ದೂರ ಇಟ್ಟರು. ಜನರಿಗೆ ಇನ್ನೂ ನೇರ ಮತದಾನ ಮಾಡುವಷ್ಟು ತಿಳಿವಳಿಕೆ ಇಲ್ಲ ಎಂಬುದು ಅಯೂಬ್ ಅವರ ನಂಬಿಕೆ. ಅದಕ್ಕೆ ಅವರು ಮೂಲ ಪ್ರಜಾಪ್ರಭುತ್ವ ಎಂಬ ಪದ್ಧತಿ ತಂದರು. ಪೂರ್ವ ಪಾಕಿಸ್ತಾನದಿಂದ 40 ಸಾವಿರ, ಪಶ್ಚಿಮದಿಂದ 40 ಸಾವಿರ, ಒಟ್ಟು 80 ಸಾವಿರ ಸ್ಥಳೀಯ ಸದಸ್ಯರನ್ನು ಜನ ಆರಿಸಬೇಕು. ಈ 80 ಸಾವಿರ ಮಂದಿ ಮಾತ್ರ ಅಧ್ಯಕ್ಷರನ್ನು ಆರಿಸಬೇಕು.

ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನು ಅನ್ನಿಸುತ್ತದೆ. ಆದರೆ ಆ ಸದಸ್ಯ ಯಾರು? ತನ್ನೂರಿಗೆ ರಸ್ತೆ, ಕಾಲುವೆ ಮಾಡಿಸಲು ಸರಕಾರಿ ಹಣಕ್ಕೆ ಜಿಲ್ಲಾ ಅಧಿಕಾರಿಯ ಮುಖ ನೋಡಬೇಕಾದವನು. ಕೋಟಿಗಟ್ಟಲೆ ಮತದಾರರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿಸಲು ಯಾವ ಸರಕಾರಕ್ಕೂ ಆಗುವುದಿಲ್ಲ. 80 ಸಾವಿರ ಮಂದಿಯನ್ನು ಕರೆಯಬಹುದು. ಪಟ್ಟಿ ಇರುತ್ತದೆ, ವಿಳಾಸ ಇರುತ್ತದೆ, ಯಾರಿಗೆ ಏನು ಬೇಕು, ಯಾರಿಗೆ ಯಾವ ಭಯ ಎಂಬುದೂ ಗೊತ್ತಿರುತ್ತದೆ. ನಮ್ಮ ವಿಧಾನ ಪರಿಷತ್ತಿಗೆ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಚುನಾವಣೆ ಬಂದಾಗ ಗ್ರಾಮ ಪಂಚಾಯಿತಿ ಸದಸ್ಯರಿಗೆ ಇದ್ದಕ್ಕಿದ್ದಂತೆ ಎಷ್ಟು ಬೆಲೆ ಬರುತ್ತದೆ ಎಂಬುದನ್ನು ಹಳ್ಳಿಯಿಂದ ಬಂದ ಯಾರಿಗೂ ನಾನು ವಿವರಿಸಬೇಕಾಗಿಲ್ಲ.

ನನಗೆ ಇದು ಇನ್ನೂ ಹತ್ತಿರದಿಂದ ಗೊತ್ತು. ನಾನು ಡಿಗ್ರಿ ಓದಿದ ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆಲ್ಲ ಮತ ಇರಲಿಲ್ಲ. 27 ಮಂದಿ ತರಗತಿ ಪ್ರತಿನಿಧಿಗಳು ಸೇರಿ ಕಾರ್ಯದರ್ಶಿಯನ್ನು ಆರಿಸಬೇಕು. ವರ್ಷಾನುವರ್ಷ ಒಂದೇ ಗುಂಪು ಗೆಲ್ಲುತ್ತಿತ್ತು, ಆಡಳಿತದವರಿಗೂ ಅದೇ ಬೇಕಿತ್ತು. ಆ ವರ್ಷ ಮಾತ್ರ ಒಬ್ಬರನ್ನೊಬ್ಬರು ಕಂಡರಾಗದ ನಾಲ್ಕು ಗುಂಪುಗಳು ಸೇರಿ ಬಿ.ಎ. ಕೊನೆಯ ವರ್ಷದ ಒಬ್ಬ ಅಕ್ಕನನ್ನು ನಿಲ್ಲಿಸಿದವು. ಅವಳು ಕೇಳಿದ್ದು ಒಂದೇ: ಏಳು ಗಂಟೆಯ ಬಸ್ಸಿಗೆ ಕಾಯುವ ಹಳ್ಳಿ ಹುಡುಗಿಯರು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವ ಬದಲು ಓದುತ್ತಾ ಕೂರಲಿ, ಸಂಜೆ ಐದಕ್ಕೆ ಮುಚ್ಚುವ ಲೈಬ್ರರಿ ಆರೂವರೆವರೆಗೆ ತೆರೆದಿರಲಿ. ಅವಳು ಸೋತಳು. 15 ಮತ ಅತ್ತ, 12 ಇತ್ತ. ನಾನು ಆ 27ರಲ್ಲಿ ಒಬ್ಬಳು.

ಮತ್ತೆ 1964ಕ್ಕೆ ಬರುತ್ತೇನೆ. ಆ ವರ್ಷದ ಜುಲೈನಲ್ಲಿ ವಿರೋಧ ಪಕ್ಷಗಳು ಸಂಯುಕ್ತ ಕೂಟ ಕಟ್ಟಿಕೊಂಡವು. ಖ್ವಾಜಾ ನಾಜಿಮುದ್ದೀನ್ ಅವರ ಕೌನ್ಸಿಲ್ ಮುಸ್ಲಿಂ ಲೀಗ್, ಶೇಖ್ ಮುಜೀಬುರ್ ರೆಹಮಾನ್ ಅವರ ಅವಾಮಿ ಲೀಗ್, ಎಡಪಂಥೀಯ ಮೌಲಾನಾ ಭಾಷಾನಿ ಅವರ ನ್ಯಾಷನಲ್ ಅವಾಮಿ ಪಾರ್ಟಿ, ಮೌದೂದಿ ಅವರ ಜಮಾತೆ ಇಸ್ಲಾಮಿ, ನಿಜಾಮೆ ಇಸ್ಲಾಂ ಪಾರ್ಟಿ. ಒಬ್ಬರಿಗೆ ಸಮಾಜವಾದ ಬೇಕು, ಇನ್ನೊಬ್ಬರಿಗೆ ಶರಿಯತ್. ಒಬ್ಬರಿಗೆ ಪೂರ್ವ ಬಂಗಾಳದ ಸ್ವಾಯತ್ತತೆ, ಮತ್ತೊಬ್ಬರಿಗೆ ಬಲವಾದ ಕೇಂದ್ರ. ಇಷ್ಟೊಂದು ಮಂದಿ ಒಪ್ಪುವ ಒಂದು ಹೆಸರು ಎಲ್ಲಿಂದ ತರುವುದು? ಪೂರ್ವದಲ್ಲಿ ಜನಪ್ರಿಯರಾಗಿದ್ದ ಲೆಫ್ಟಿನೆಂಟ್ ಜನರಲ್ ಆಜಂ ಖಾನ್ ಅವರ ಹೆಸರು ಬಂತು. ಆದರೆ ಸೇನಾಡಳಿತದಲ್ಲಿ ಕೈಜೋಡಿಸಿದ್ದ ವ್ಯಕ್ತಿಯನ್ನೇ ಸೇನಾಡಳಿತದ ವಿರುದ್ಧ ನಿಲ್ಲಿಸಲು ಕೂಟದಲ್ಲೇ ವಿರೋಧ ಬಂತು. ಕೊನೆಗೆ ಉಳಿದದ್ದು ಯಾವ ಪಕ್ಷಕ್ಕೂ ಸೇರದ, ಯಾವ ಹುದ್ದೆಯನ್ನೂ ಹಿಡಿಯದ ಫಾತಿಮಾ. ಸೆಪ್ಟೆಂಬರ್‌ನಲ್ಲಿ ನಾಯಕರು ಕರಾಚಿಗೆ ಹೋಗಿ ಬೇಡಿಕೊಂಡರು. ಎಲ್ಲರೂ ಕೊನೆಯವರೆಗೆ ಜೊತೆಗಿರುವುದಾಗಿ ಮಾತು ಪಡೆದೇ ಅವರು ಒಪ್ಪಿದ್ದು. ಅವರನ್ನು ಒಪ್ಪಿಸುವಲ್ಲಿ ಮುಂದಿದ್ದ ನಾಜಿಮುದ್ದೀನ್ ಅಕ್ಟೋಬರ್ 22ರಂದು, ಪ್ರಚಾರದ ನಡುವೆಯೇ ತೀರಿಕೊಂಡರು.

ಈ ಚುನಾವಣೆಯ ತಮಾಷೆಯೊಂದಿದೆ, ನಗುವುದೋ ಅಳುವುದೋ ತಿಳಿಯದು. 1961ರಲ್ಲಿ ಬಹುಪತ್ನಿತ್ವಕ್ಕೆ ಕಡಿವಾಣ ಹಾಕುವ ಕೌಟುಂಬಿಕ ಕಾನೂನು ತಂದದ್ದು ಅಯೂಬ್. ಅದನ್ನು ಕಟುವಾಗಿ ವಿರೋಧಿಸಿದ್ದು ಜಮಾತೆ ಇಸ್ಲಾಮಿ. ಈಗ ಅದೇ ಅಯೂಬ್ ಪರವಾಗಿ ಧರ್ಮಗುರುಗಳು ಹೆಂಗಸು ರಾಷ್ಟ್ರದ ಮುಖ್ಯಸ್ಥೆಯಾಗಬಾರದೆಂದು ಫತ್ವಾ ಹೊರಡಿಸಿದರು. ಅತ್ತ ಮೌದೂದಿ ಅವರು ವಿಶೇಷ ಸಂದರ್ಭದಲ್ಲಿ ಆಗಬಹುದೆಂದು ಬೆಂಬಲಿಸಿದರು. ಫಾತಿಮಾ ಅವರಿಗೆ ಭಾರತದ ಪರ ಎಂಬ ಹಣೆಪಟ್ಟಿಯನ್ನೂ ಹಚ್ಚಲಾಯಿತು. ಜಿನ್ನಾ ಅವರ ತಂಗಿಗೆ! ಇನ್ನು ಕೂಟದ ಒಂಬತ್ತು ಅಂಶಗಳ ಕಾರ್ಯಕ್ರಮದಲ್ಲಿ ನೇರ ಚುನಾವಣೆ, ವಯಸ್ಕರಿಗೆಲ್ಲ ಮತ ಎಂಬ ಒಳ್ಳೆಯ ಮಾತುಗಳ ಜೊತೆಗೇ ಆ ಕೌಟುಂಬಿಕ ಕಾನೂನನ್ನು ಬದಲಾಯಿಸುವ ಭರವಸೆಯೂ ಇತ್ತು. ಅದನ್ನು ಓದಿದಾಗ ನನಗೆ ಬೇಸರವಾಯಿತು. ಒಬ್ಬರ ಹಿಂದೆ ಎಲ್ಲರೂ ನಿಲ್ಲಬೇಕಾದರೆ ಆ ಒಬ್ಬರು ಎಲ್ಲರ ಭಾರವನ್ನೂ ಹೊರಬೇಕಾಗುತ್ತದೆ ಅಂತ ಕಾಣುತ್ತದೆ.

ಪ್ರಚಾರಕ್ಕೆ ಸರಕಾರ ಕೊಟ್ಟ ಅವಕಾಶ ಚಿಕ್ಕದು. ಮಾರ್ಚ್‌ನಲ್ಲಿ ನಡೆಯಬೇಕಿದ್ದ ಮತದಾನವನ್ನು ಜನವರಿಗೆ ಎಳೆಯಲಾಯಿತು. ಚುನಾವಣಾ ಆಯೋಗ ಏರ್ಪಡಿಸಿದ ಅಭ್ಯರ್ಥಿಗಳ ಸಭೆಗಳಿಗೆ ಆ 80 ಸಾವಿರದ ಸದಸ್ಯರು ಮತ್ತು ಪತ್ರಕರ್ತರು ಮಾತ್ರ ಹೋಗಬಹುದಿತ್ತು, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಅಯೂಬ್ ಅವರ ಗುರುತು ಗುಲಾಬಿ, ಫಾತಿಮಾ ಅವರದು ಕಂದೀಲು.

ಆದರೂ ಮತವಿಲ್ಲದ ಜನವೇ ರಸ್ತೆಗೆ ಬಂದರು. ಪೂರ್ವ ಪಾಕಿಸ್ತಾನದಲ್ಲಿ ಅವರು ಢಾಕಾದಿಂದ ಚಿತ್ತಗಾಂಗ್‌ಗೆ ರೈಲಿನಲ್ಲಿ ಹೊರಟಾಗ ನಿಲ್ದಾಣ ನಿಲ್ದಾಣದಲ್ಲೂ ಜನ ಸರಪಳಿ ಎಳೆದು ರೈಲು ನಿಲ್ಲಿಸಿ, ಎರಡು ಮಾತಾಡಿ ಎಂದು ಕೇಳಿಕೊಂಡರು. ಆ ರೈಲು 22 ಗಂಟೆ ತಡವಾಗಿ ಊರು ಮುಟ್ಟಿತು. ಬಿಳಿ ಕೂದಲಿನ, ತೆಳ್ಳಗಿನ, ಬಂಗಾಳಿ ಬಾರದ ಮುದುಕಿ. ಅವರಿಗೆ ಮತ ಹಾಕಲಾರದ ಜನ ಹಗಲೂ ರಾತ್ರಿ ಹಳಿಯ ಪಕ್ಕ ಕಾದರು. ಈ ಭಾಗವನ್ನು ಓದುವಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತಿದ್ದೆ.

ಫಲಿತಾಂಶ ಹೀಗೆ ಬಂತು: ಅಯೂಬ್ ಖಾನ್ 49,951. ಫಾತಿಮಾ ಜಿನ್ನಾ 28,691. ಪಶ್ಚಿಮದಲ್ಲಿ ಅವರಿಗೆ ಸಿಕ್ಕಿದ್ದು 10,257 ಮಾತ್ರ, ಆದರೂ ಕರಾಚಿಯಲ್ಲಿ ಗೆದ್ದರು. ಪೂರ್ವದಲ್ಲಿ ಅಯೂಬ್ ಅವರಿಗೆ 21,012, ಫಾತಿಮಾಗೆ 18,434, ಢಾಕಾ ಫಾತಿಮಾ ಕಡೆಗೇ ಇತ್ತು. ಲೆಕ್ಕ ಹಾಕಿ ನೋಡಿ. ಪೂರ್ವದಲ್ಲಿ ಸುಮಾರು 1,300 ಮಂದಿ ಮನಸ್ಸು ಬದಲಿಸಿದ್ದರೆ ಆ ಇಡೀ ಪ್ರಾಂತ್ಯ ಅವರದಾಗುತ್ತಿತ್ತು. ದೇಶ ಮಾತ್ರ ಆಗಲೂ ಸಿಗುತ್ತಿರಲಿಲ್ಲ. ಕೂಟದೊಳಗೇ ಭಾಷಾನಿ ಅರೆಮನಸ್ಸಿನಿಂದ ಕೆಲಸ ಮಾಡಿದರು ಎಂಬ ಆರೋಪ ಆಗಲೂ ಇತ್ತು, ಈಗಲೂ ಇದೆ. ಅಯೂಬ್ ಅವರ ಸಂಪುಟದಲ್ಲಿದ್ದು ಅವರ ಪರ ಪ್ರಚಾರ ಮಾಡಿದ ಜುಲ್ಫಿಕರ್ ಅಲಿ ಭುಟ್ಟೊ ಕೆಲವೇ ವರ್ಷಗಳಲ್ಲಿ ಅದೇ ಅಯೂಬ್ ವಿರುದ್ಧ ಬೀದಿಗಿಳಿದರು.

ನನ್ನನ್ನು ಕಾಡುವವರು ಮಾತ್ರ ಆ ನಾಯಕರಲ್ಲ, ಹೆಸರೇ ಗೊತ್ತಿಲ್ಲದ ಸದಸ್ಯರು. ಜನರ ಮುಂದೆ ಫಾತಿಮಾಗೇ ಹಾಕುತ್ತೇನೆ ಎಂದು ಹೇಳಿ, ಒಳಗೆ ಹೋಗಿ ಗುಲಾಬಿಗೆ ಮುದ್ರೆ ಒತ್ತಿದವರು ಇದ್ದೇ ಇರಬೇಕು. ನಮ್ಮ ಕಾಲೇಜಿನ ಚುನಾವಣೆಯ ಹಿಂದಿನ ದಿನ ನನ್ನನ್ನು ಒಬ್ಬರು ಮೇಷ್ಟ್ರು ಕರೆದರು. ಗದರಿಸಲಿಲ್ಲ, ಏನನ್ನೂ ಕೇಳಲೂ ಇಲ್ಲ. ನನ್ನ ಹಾಜರಾತಿ ಕಡಿಮೆ ಇದೆ, ಪರೀಕ್ಷೆಗೆ ಕೂರಿಸುವುದು ಕಷ್ಟವಾಗಬಹುದು ಎಂದು ಮಾತ್ರ ಹೇಳಿ, ನಾಳೆ ಯೋಚನೆ ಮಾಡಿ ನಡೆದುಕೋ ಎಂದರು. ಆ ವರ್ಷ ಅಪ್ಪನಿಗೆ ಹುಷಾರಿರಲಿಲ್ಲ, ನಾನು ಬಹಳ ದಿನ ಕಾಲೇಜಿಗೆ ಹೋಗಿರಲಿಲ್ಲ. ಅಕ್ಕನಿಗೆ ಕೈ ಹಿಡಿದು ಮಾತು ಕೊಟ್ಟಿದ್ದೆ. ಮರುದಿನ ಚೀಟಿಯಲ್ಲಿ ಬೇರೆ ಹೆಸರು ಬರೆದೆ. 15ರಲ್ಲಿ ಒಂದು ನನ್ನದು. ಇನ್ನೊಬ್ಬರು ಯಾರೋ ನನ್ನ ಹಾಗೆ ಬದಲಾಗದೆ ಇದ್ದಿದ್ದರೆ, ನಾನೂ ಬದಲಾಗದೆ ಇದ್ದಿದ್ದರೆ, ಅವಳಿಗೆ 14 ಬರುತ್ತಿತ್ತು. ಈ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿದ್ದೇನೋ.

ಸೋತ ಫಾತಿಮಾ ಕರಾಚಿಯ ಮೊಹಟ್ಟಾ ಅರಮನೆಗೆ ಮರಳಿದರು. ಬಿಕಾನೇರ್ ಕಡೆಯ ಮಾರ್ವಾಡಿ ವ್ಯಾಪಾರಿ ಶಿವರತನ್ ಮೊಹಟ್ಟಾ ಕಟ್ಟಿಸಿದ, ವಿಭಜನೆಯಾದಾಗ ಬಿಟ್ಟುಹೋದ ಮನೆ ಅದು. ಅಲ್ಲೇ 1967ರ ಜುಲೈ 9ರಂದು ತೀರಿಕೊಂಡರು. ಶವಯಾತ್ರೆಗೆ ಜನ ಎಷ್ಟು ನುಗ್ಗಿದರೆಂದರೆ ಪೊಲೀಸರು ಅಶ್ರುವಾಯು ಸಿಡಿಸಬೇಕಾಯಿತು. ಅಣ್ಣನ ಸಮಾಧಿಯ ಬಳಿಯೇ ಅವರನ್ನು ಮಣ್ಣು ಮಾಡಿದರು. ಅಯೂಬ್ 1969ರ ಮಾರ್ಚ್ 25ರಂದು ಅಧಿಕಾರ ಬಿಟ್ಟರು, ಬಿಟ್ಟದ್ದು ಇನ್ನೊಬ್ಬ ಸೇನಾಧಿಕಾರಿ ಯಾಹ್ಯಾ ಖಾನ್ ಅವರಿಗೆ. 1970ರ ಡಿಸೆಂಬರ್‌ನಲ್ಲಿ ಕೊನೆಗೂ ಎಲ್ಲ ವಯಸ್ಕರು ಮತ ಹಾಕಿದರು. ಗೆದ್ದ ಮುಜೀಬ್ ಅವರಿಗೆ ಅಧಿಕಾರ ಕೊಡಲಿಲ್ಲ. ಮುಂದಿನ ವರ್ಷ ಫಾತಿಮಾ ಅವರ ರೈಲನ್ನು ನಿಲ್ಲಿಸಿದ ಆ ಊರುಗಳೆಲ್ಲ ಬಾಂಗ್ಲಾದೇಶವಾದವು. ಇದಾದರೂ ನಮ್ಮ ನೋಟ್ಸ್‌ನಲ್ಲಿದೆ, ಎರಡು ಅಂಕಕ್ಕೆ.

ಆ ಅಕ್ಕ ಈಗ ನಮ್ಮ ತಾಲ್ಲೂಕಿನಲ್ಲೇ ಅತಿಥಿ ಶಿಕ್ಷಕಿ. ಮುಂದಿನ ಪರೀಕ್ಷೆಗೆ ಅವಳಿಗೂ ಧಾರವಾಡವೇ ಕೇಂದ್ರ. ಒಂದು ರಾತ್ರಿ ನಿನ್ನ ರೂಮಿನಲ್ಲಿ ಇರಬಹುದಾ ಎಂದು ಮೊನ್ನೆ ಫೋನ್ ಮಾಡಿದ್ದಳು. ಬಾ ಅಕ್ಕ ಎಂದೆ. ಅವಳು ಈ ಪುಟವನ್ನು ತಪ್ಪದೆ ಓದುತ್ತಾಳೆ.