ಹೊಸ ಬಂದರು ನೋಡದೆ ಹೋದ ಶ್ರೀನಿವಾಸ ಮಲ್ಯರು

ಉಳ್ಳಾಲ ಶ್ರೀನಿವಾಸ ಮಲ್ಯರು ಹುಟ್ಟಿದ್ದು 1902ರ ನವೆಂಬರ್ 21ರಂದು. ಚಿಕ್ಕ ವಯಸ್ಸಿನಲ್ಲೇ ಸ್ವಾತಂತ್ರ್ಯ ಚಳವಳಿಗೆ ಇಳಿದವರು, ಕಾಂಗ್ರೆಸ್ಸಿನಲ್ಲೇ ಬೆಳೆದವರು. ಸಂವಿಧಾನ ಸಭೆಯ ಸದಸ್ಯರಾಗಿದ್ದು, ಬಳಿಕ 1952, 1957, 1962ರಲ್ಲಿ ಲೋಕಸಭೆಗೆ ಆರಿಸಿ ಬಂದರು.

ಆಗ ಮಂಗಳೂರಿನ ಬಂದರು ಎಂದರೆ ಹೊಳೆಬದಿಯ ಹಳೇ ಬಂದರ್. ಅಳಿವೆಯಲ್ಲಿ ಮರಳು ತುಂಬಿ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಹಡಗು ದೂರ ಕಡಲಲ್ಲಿ ಲಂಗರು ಹಾಕಿ ನಿಲ್ಲುವುದು, ಹಂಚು, ಗೋಡಂಬಿ, ಕಾಫಿ ದೋಣಿಗಳಲ್ಲಿ ಅಲ್ಲಿಗೆ ಹೋಗುವುದು. ಮಳೆಗಾಲ ಬಂತೆಂದರೆ ಅದೂ ಬಂದ್. ಗೋದಾಮಿನಲ್ಲಿ ಮಾಲು, ಮಾಲಿನ ಮೇಲೆ ಬಡ್ಡಿ. ವ್ಯಾಪಾರಸ್ಥರಿಗೆ ಇದರ ಬಿಸಿ ಬಿಡಿಸಿ ಹೇಳಬೇಕಿಲ್ಲ.

ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು, ನಂತರ ಮೈಸೂರಿಗೆ. ಎರಡು ರಾಜಧಾನಿಗೂ ಮಂಗಳೂರು ದೂರದ ಮೂಲೆಯೇ. ಮಲ್ಯರು ದೆಹಲಿಯನ್ನೇ ಹಿಡಿದರು. ನೆಹರೂರವರ ಬಳಿ ಅವರ ಮಾತು ನಡೆಯುತ್ತಿತ್ತು. 1951ರಲ್ಲಿ ಬಜಪೆ ವಿಮಾನ ನಿಲ್ದಾಣ, 1960ರಲ್ಲಿ ಸುರತ್ಕಲ್ ಇಂಜಿನಿಯರಿಂಗ್ ಕಾಲೇಜು, 1962ರಲ್ಲಿ ಪಣಂಬೂರಿನಲ್ಲಿ ಸರ್ವಋತು ಬಂದರಿನ ಕೆಲಸ. ಬಂದರಿಗಾಗಿ ಮನೆಮಠ ಬಿಟ್ಟು ಕಾಟಿಪಳ್ಳದ ಕಡೆ ಹೋದ ಕುಟುಂಬಗಳ ಕಷ್ಟವನ್ನೂ ಈ ಲೆಕ್ಕಕ್ಕೆ ಹಿಡಿಯಬೇಕು.

1965ರ ಡಿಸೆಂಬರಿನಲ್ಲಿ ಮಲ್ಯರು ತೀರಿಕೊಂಡರು. 1967ರ ಚುನಾವಣೆಯಲ್ಲಿ ಅವರ ಉಡುಪಿ ಕ್ಷೇತ್ರ ಕಾಂಗ್ರೆಸ್ಸಿನ ಕೈತಪ್ಪಿ ಸ್ವತಂತ್ರ ಪಕ್ಷದ ಜೆ.ಎಂ. ಲೋಬೊ ಪ್ರಭು ಅವರ ಪಾಲಾಯಿತು. ಪಕ್ಷ ಸೋತರೂ ಬಂದರಿನ ಕೆಲಸ ನಿಲ್ಲಲಿಲ್ಲ. 1975ರ ಜನವರಿ 11ರಂದು ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು.